ಏಳು ಸಲ ಬಂದ ನಂಬರು

ಸೈಬರ್ ಸುರಕ್ಷತೆ ಮತ್ತು ತಂತ್ರಜ್ಞಾನ ನಿರ್ವಹಣೆಯಲ್ಲಿ ನಾನು ಆನ್‌ಲೈನ್ ಪಿಎಚ್.ಡಿ.ಗೆ ಸೇರಿದ್ದು ಕೊಳ್ಳೇಗಾಲದ ನಮ್ಮ ಬೀದಿಗೆ ಒಂದು ತಮಾಷೆಯಾಗಿತ್ತು. ರೇಷ್ಮೆ ಸೀರೆ ನೇಯುವವರ ಬೀದಿ ಅದು, ಅಪ್ಪನೂ ನೇಕಾರ. ಯಳಂದೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿ ಸಂಜೆ ಬಸ್ಸಿಳಿದು ಬರುವಾಗ ಜಗುಲಿಯಿಂದ ಯಾರಾದರೂ ಕೂಗುತ್ತಿದ್ದರು: "ಡಾಕ್ಟ್ರಮ್ಮ, ಮಂಡಿನೋವ್ಗೆ ಒಂದ್ ಗುಳ್ಗೆ ಬರ್ಕೊಡವ್ವ!" ನಾನು ನಗುತ್ತಿರಲಿಲ್ಲ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ನಲವತ್ತರ ಹತ್ತಿರದಲ್ಲಿ ಒಬ್ಬಳು ಕಣ್ಣಲ್ಲೂ ಕಾಣದ ವಿಶ್ವವಿದ್ಯಾಲಯಕ್ಕೆ, ಪರದೆಯ ಮೇಲೆ ಎದೆಮಟ್ಟ ಮಾತ್ರ ಕಾಣುವ ಗೈಡ್ ಮೇಷ್ಟರಿಗೆ ಪ್ರತಿ ಶನಿವಾರ ವರದಿ ಒಪ್ಪಿಸುವುದು ಎಷ್ಟು ಕಷ್ಟ ಅಂತ ಇವರಿಗೇನು ಗೊತ್ತು ಅಂದುಕೊಳ್ಳುತ್ತಿದ್ದೆ.

ನನ್ನ ಸಂಶೋಧನೆ ಇಷ್ಟೇ: ನೇಕಾರ ಮನೆಗಳ ಹಿರಿಯರು ಫೋನಿನ ಮೋಸಗಾರರ ಮಾತಿಗೆ ಯಾಕೆ ಬೀಳುತ್ತಾರೆ, ಅವರನ್ನು ತಿದ್ದುವುದು ಹೇಗೆ. ಮೊದಲು ಸಿಕ್ಕಿದವಳು ಅವ್ವ. ಪರೀಕ್ಷೆಗೆ ಅಂತ ನನ್ನ ಸಹೋದ್ಯೋಗಿಯೊಬ್ಬರಿಂದ ಬ್ಯಾಂಕಿನವರ ಹಾಗೆ ಅವಳಿಗೆ ಫೋನ್ ಮಾಡಿಸಿದೆ. ಅವ್ವ ಒಟಿಪಿ ಹೇಳಿದಳು, ಹುಟ್ಟಿದ ವರ್ಷ ಹೇಳಿದಳು, ಕೇಳದೇ ಇದ್ದದ್ದನ್ನೂ ಹೇಳಿದಳು. ಕೊನೆಗೆ ಊಟ ಆಯಿತಾ ಅಂತ ಅವರನ್ನೇ ವಿಚಾರಿಸಿದಳಂತೆ. ಸಂಜೆ ನಾನು ಮನೆಗೆ ಬಂದದ್ದೇ ಅವ್ವ, "ಪಾಪ, ಆ ಮಗ ಮೂರ್ ಗಂಟೆ ಆದ್ರೂ ಉಂಡೇ ಇರ್ನಿಲ್ವಂತೆ ಕನ ಕೂಸೆ" ಎಂದಳು.

ನಾನು ರೇಗಿದೆ. ಮೆತ್ತಗೆ ಹೇಳಬಹುದಾಗಿತ್ತು, ಹೇಳಲಿಲ್ಲ. "ನಿನ್ನಂಥೋರಿಂದ್ಲೇ ಕಳ್ರು ಬದುಕ್ತಾ ಇರೋದು" ಎಂದೆ. ಅವ್ವ ರಾಟೆ ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ಮಗ್ಗದ ಗುಂಡಿಯಿಂದಲೇ, "ಅವ್ಳ್ನ ಯಾಕ್ಲಾ ಬಯ್ದೀಯೆ, ಊಟ ಆಯ್ತಾ ಅಂದದ್ದೂ ತಪ್ಪಾ?" ಎಂದ. ಪ್ರೀತಿ ಬಂದರೂ ಸಿಟ್ಟು ಬಂದರೂ ನನ್ನನ್ನು ಅಪ್ಪ ಗಂಡುಮಗನ ಹಾಗೆ 'ಲಾ' ಎಂದೇ ಕರೆಯುತ್ತಿದ್ದದ್ದು.

ಆಮೇಲೆ ದಿನಾ ಪಾಠ ಮಾಡಿದೆ. ಹೆಸರು ಬಾರದ ನಂಬರನ್ನು ಎತ್ತಬೇಡ, ಎಷ್ಟು ಸಲ ಬಂದರೂ ಎತ್ತಬೇಡ, ಮೇಲಿಂದ ಮೇಲೆ ಮಾಡುವವರೇ ಕಳ್ಳರು. ಅಂಕಿಗಳ ಗುರುತು ಬಿಟ್ಟರೆ ಅವ್ವನಿಗೆ ಓದು ಬರುವುದಿಲ್ಲ. ಅದಕ್ಕೇ ನಮ್ಮವರ ನಂಬರಿಗೆಲ್ಲ ಅವರವರ ಫೋಟೋ ಹಾಕಿಕೊಟ್ಟೆ, ಮುಖ ಕಂಡರೆ ಮಾತ್ರ ಎತ್ತು ಎಂದೆ. ಒಂದು ತಿಂಗಳು ಕಳೆಯುವಷ್ಟರಲ್ಲಿ ನನ್ನ ಸಹೋದ್ಯೋಗಿ ಎಷ್ಟು ಸಲ ಮಾಡಿದರೂ ಅವ್ವ ಜಪ್ಪಯ್ಯ ಅನ್ನಲಿಲ್ಲ. 'ಒಂದನೇ ವ್ಯಕ್ತಿ: ನಡವಳಿಕೆಯಲ್ಲಿ ಪೂರ್ಣ ಬದಲಾವಣೆ' ಎಂದು ಬರೆದೆ. ಗೈಡ್ ಮೇಷ್ಟರು ಪರದೆಯೊಳಗಿಂದ ಹೆಬ್ಬೆರಳು ಎತ್ತಿ ತೋರಿಸಿದರು, ನಾನು ಉಬ್ಬಿಹೋದೆ.

ಆ ವರ್ಷವೂ ಅಪ್ಪ ಬೀದಿಯವರ ಜೊತೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟ. ಅವರ ಗುಂಪಿಗೊಂದು ಕಟ್ಟುಪಾಡು ಇತ್ತು. ಕಾಲಿಗೆ ಚಪ್ಪಲಿ ಇಲ್ಲ, ಕೈಯಲ್ಲಿ ಫೋನ್ ಇಲ್ಲ. ಫೋನ್ ತಕಂಡು ಹೋಗಪ್ಪ ಎಂದೆ. "ಮಾದಪ್ಪನ್ ತಾವ್ಕೆ ಓಗೋವಾಗ ಅದ್ಯಾಕ್ಲಾ?" ಎಂದು ಅದನ್ನು ಮಗ್ಗದ ಮೇಲಿಟ್ಟು ಹೋದ. ಅಪ್ಪನಿಗೆ ಬಾಯಿಪಾಠ ಬರುತ್ತಿದ್ದದ್ದು ಒಂದೇ ನಂಬರು, ಅವ್ವನದು.

ಎರಡನೇ ದಿನ, ಹನೂರು ದಾಟಿ ಸ್ವಲ್ಪ ದೂರದಲ್ಲಿ, ಮಂಡಿ ನೋವೆಂದು ಅಪ್ಪ ಹಿಂದೆ ಉಳಿದಿದ್ದಾನೆ. ಉಳಿದವರನ್ನು ಮುಂದೆ ಕಳಿಸಿ ರಸ್ತೆ ಬದಿಯ ಟೀ ಅಂಗಡಿಯಲ್ಲಿ ಕೂತಿದ್ದಾನೆ. ಅಲ್ಲೇ ಎದೆ ಹಿಡಿದುಕೊಂಡಿದೆ.

ಇದೆಲ್ಲ ಆಮೇಲೆ ತಿಳಿದದ್ದು. ಆ ಹೊತ್ತಿಗೆ ನಾನು ಯಳಂದೂರಿನ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚಿ ಅವ್ವನಿಗೆ ಫೋನ್ ಮಾಡಿದ್ದೆ. ಅವಳ ದನಿಯಲ್ಲಿ ಏನು ಉತ್ಸಾಹ! "ಯಾವ್ದೋ ಒಂದೇ ನಂಬ್ರು ಏಳ್ ಸಲ ಬತ್ತು ಕನ ಕೂಸೆ. ಮೊಕ ಬರ್ನಿಲ್ಲ, ನಾ ಎತ್ನಿಲ್ಲ. ನೀ ಏಳ್ದಂಗೇ ನಾ ಮಾಡ್ದಿ."

"ಸಬಾಸ್ ಅವ್ವ" ಎಂದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆ ನಂಬರು ಮತ್ತೆ ಬರದ ಹಾಗೆ ಬ್ಲಾಕ್ ಮಾಡಿಬಿಡು, ಹೇಳಿಕೊಟ್ಟಿದ್ದೆನಲ್ಲ, ಕೆಂಪಗೆ ಇರುವುದನ್ನು ಒತ್ತು ಎಂದೆ. ಒತ್ತಿದೆ ಎಂದಳು. ಬುತ್ತಿಯ ಮುಚ್ಚಳ ಹಾಕುವ ಮೊದಲೇ ಇದನ್ನು ಸಂಶೋಧನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಏಳು ಕರೆಯಲ್ಲಿ ಒಂದನ್ನೂ ಎತ್ತಿಲ್ಲ ಎಂದು ಬರೆದು ಕೆಳಗೆ ಗೆರೆ ಬೇರೆ ಎಳೆದೆ.

ಮಧ್ಯಾಹ್ನ ಕಳೆದ ಮೇಲೆ ಗುಂಪಿನವರೊಬ್ಬರು ಅಪ್ಪನನ್ನು ಹುಡುಕಿಕೊಂಡು ಹಿಂದಕ್ಕೆ ಬಂದು, ಆಂಬುಲೆನ್ಸ್ ತರಿಸಿ ಹನೂರಿಗೆ ಕರೆದೊಯ್ದರು. ಯಾರದೋ ಫೋನಿನಿಂದ ತಮ್ಮ ಮನೆಗೆ ತಿಳಿಸಿದರು, ಅವರ ಮನೆಯವರು ಅವ್ವನಿಗೆ ಹೇಳಿದರು. ನಾವು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಪ್ಪ ಹೋಗಿಬಿಟ್ಟಿದ್ದ. ಬೇಗ ತಂದಿದ್ದರೆ ಉಳಿಯುತ್ತಿದ್ದರಾ ಎಂದು ಡಾಕ್ಟರನ್ನು ಕೇಳಿದೆ. ಹೇಳೋಕಾಗಲ್ಲಮ್ಮ ಎಂದರು.

ತಿಥಿಯ ದಿನ ಟೀ ಅಂಗಡಿಯ ಹೆಂಗಸು ಅಪ್ಪನ ಕೈಚೀಲ ಹಿಡಿದು ವಿಳಾಸ ಕೇಳಿಕೊಂಡು ಬಂದರು. ಅವ್ವನ ಕೈ ಹಿಡಿದುಕೊಂಡೇ ಹೇಳಿದರು: "ಆಸ್ಪತ್ರೆಗೆ ಓಗವಾ ಅಂದ್ರೆ ಕೇಳ್ನಿಲ್ಲ ಕನವ್ವ. ಗ್ಯಾಸು, ಮನೇಲಿ ಕೇಳ್ತೀನಿ, ಅವ್ಳು ಓಗು ಅಂದ್ರೆ ಓಯ್ತೀನಿ ಅಂದ್ರು. ನಾ ನನ್ ಫೋನಿಂದ ಏಳ್ ಸಲ ಮಾಡ್ದಿ. ಆಮೇಲೆ ಮಾಡುದ್ರೆ ರಿಂಗೇ ಆಗ್ನಿಲ್ಲ. ಇನ್ನೊಂದ್ ಸಲ ಮಾಡವ್ವ, ಇನ್ನೊಂದ್ ಸಲ ಮಾಡವ್ವ ಅಂತಾನೇ ಇದ್ರು."

ನಾನು ಅವ್ವನ ಮುಖ ನೋಡಿದೆ. ಅವ್ವ ಮಾತ್ರ ನನ್ನ ಕಡೆ ನೋಡಲೂ ಇಲ್ಲ. ಬಂದವರಿಗೆ ಎಲೆ ಹಾಕಿ ಬಡಿಸಿದಳು. ಅವತ್ತಿನಿಂದ ನನ್ನ ಜೊತೆ ಬೇಕಾದಷ್ಟೇ ಮಾತು. ಬಯ್ದಿದ್ದರೆ, ನಾಲ್ಕು ಜನರ ಮುಂದೆ ಕೆನ್ನೆಗೆ ಹೊಡೆದಿದ್ದರೆ ನನಗೆ ಉಸಿರಾಡಲು ಆಗುತ್ತಿತ್ತು. ನನ್ನ ಮೇಲೆ ಮುನಿದಿದ್ದಾಳೆ, ಮುನಿಯಲಿ, ನನಗೆ ಆಗಬೇಕಾದದ್ದೇ ಎಂದುಕೊಂಡು ತಿಂಗಳುಗಟ್ಟಲೆ ತಲೆ ತಗ್ಗಿಸಿಕೊಂಡು ಓಡಾಡಿದೆ. ಶನಿವಾರದ ತರಗತಿಗೆ ಕೂರುವುದನ್ನೇ ಬಿಟ್ಟೆ.

ಒಂದು ದಿನ ಗೈಡ್ ಮೇಷ್ಟರ ಮೇಲ್ ಬಂತು. ಆರು ತಿಂಗಳಾದ ಮೇಲೆ ಅದೇ ಜನರನ್ನು ಅದೇ ಪ್ರಶ್ನೆಗಳನ್ನು ಮತ್ತೆ ಕೇಳಬೇಕಿತ್ತು, ಕಲಿತದ್ದು ಉಳಿದಿದೆಯೋ ಇಲ್ಲವೋ ನೋಡಲು. ಬೇರೆ ಮನೆಗಳನ್ನು ಹೇಗೋ ಮುಗಿಸಿದೆ. ಕೊನೆಗೆ ಉಳಿದದ್ದು ಒಂದನೇ ವ್ಯಕ್ತಿ.

ಭಾನುವಾರ ಬೆಳಗ್ಗೆ ಅವ್ವ ರಾಟೆಯಲ್ಲಿ ರೇಷ್ಮೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಎದುರಿಗೆ ಕೂತು ಕಾಗದ ನೋಡಿಕೊಂಡೇ ಕೇಳಿದೆ. "ಗೊತ್ತಿಲ್ದ ನಂಬ್ರಿಂದ ಫೋನ್ ಬಂದ್ರೆ ಎತ್ತೀಯಾ?"

"ಎತ್ತೀನಿ" ಎಂದಳು. "ಎಲ್ಲಾನೂ ಎತ್ತೀನಿ."

ಗೊತ್ತಿತ್ತು ನನಗೆ. ಸಾಲ ಕೊಡುತ್ತೇವೆ ಅನ್ನುವವರಿಗೂ, ನಿಮ್ಮ ಸಿಮ್ ಬಂದ್ ಆಗುತ್ತದೆ ಅಂತ ಹೆದರಿಸುವವರಿಗೂ ಅವಳು ಮೊದಲು "ಏಳಪ್ಪ, ಯಾರ್ಗೇನಾಯ್ತು?" ಅನ್ನುವುದನ್ನು ಒಳಮನೆಯಿಂದ ಎಷ್ಟೋ ಸಲ ಕೇಳಿದ್ದೆ. ಒಂದು ಸಲವೂ ಬೇಡ ಅನ್ನುವ ಧೈರ್ಯ ಬಂದಿರಲಿಲ್ಲ. ಈಗ ಪೆನ್ನು ಕೆಳಗಿಟ್ಟೆ. ಅಷ್ಟು ದಿನ ಆಡದೆ ಇಟ್ಟುಕೊಂಡಿದ್ದನ್ನು ಆಡಿಬಿಟ್ಟೆ. "ತಪ್ಪು ನಂದು ಕಣವ್ವ. ನಾನೇ ಅಪ್ಪನ್ನ ಕಳ್ಕಂಡೆ. ನನ್ನ ಬಯ್ಯವ್ವ."

ಅವ್ವ ರಾಟೆ ನಿಲ್ಲಿಸಿದಳು. ಗೊತ್ತೇ ಇಲ್ಲದ ಮಾತು ಕೇಳಿದವಳಂತೆ ನನ್ನನ್ನು ನೋಡಿದಳು. ಆಮೇಲೆ ತನ್ನ ಬಲಗೈಯ ಬೆರಳು ಬಿಡಿಸಿ ಮಡಿಲಲ್ಲಿ ಇಟ್ಟುಕೊಂಡಳು.

"ನಿನ್ನ ಯಾಕ್ ಬಯ್ಲಿ ಕೂಸೆ" ಎಂದಳು. "ಒತ್ತುದ್ ಬೆಳ್ಳು ನಂದಲ್ವಾ?"