ಮಲ್ಲಾಜಮ್ಮನ ಎಡಗಾಲು

ಬೇಗೂರಿನ ಮಲ್ಲಾಜಮ್ಮ ಹುಟ್ಟುವಾಗ ತಲೆಯ ಬದಲು ಕಾಲು ಮುಂದಿಟ್ಟುಕೊಂಡು ಬಂದಳು. ಅದರಲ್ಲಿ ಆಕೆಯ ಹೆಚ್ಚುಗಾರಿಕೆ ಏನೂ ಇರಲಿಲ್ಲ, ಕಷ್ಟಪಟ್ಟವಳು ಆಕೆಯ ಅವ್ವ. ಆದರೆ ಕಾಲು ಮುಂದಾಗಿ ಹುಟ್ಟಿದವರು ಎಡಗಾಲು ಸೋಕಿಸಿದರೆ ಹಿಡಿದ ಸೊಂಟ ಬಿಡುತ್ತದೆ ಅಂತ ಆ ಕಡೆ ನಂಬಿಕೆ. ಹಾಗಾಗಿ ಲಂಗ ಉಡುವ ವಯಸ್ಸಿನಿಂದಲೇ ಆಕೆಗೆ ಭಾನುವಾರ ಬೆಳಿಗ್ಗೆ ಕೆಲಸ. ಊರಿನ ಹಿರೀಕರು ಬಂದು ಜಗುಲಿಯ ಮೇಲೆ ಬೋರಲು ಮಲಗುವರು, ಈ ಹುಡುಗಿ ಅವರ ಬೆನ್ನಿಗೆ ಮೂರು ಸಲ ಕಾಲು ತಾಗಿಸುವಳು. ದೊಡ್ಡವರಿಗೆ ಕಾಲು ತಾಗಿಸಿಯೂ ಬೈಸಿಕೊಳ್ಳದ ಮಗು ಇಡೀ ಹೋಬಳಿಯಲ್ಲಿ ಆಕೆಯೊಬ್ಬಳೇ.

"ಸೋಕ್ಸು ಕಣಮ್ಮಿ, ತುಳೀಬ್ಯಾಡ" ಎಂದು ಅವ್ವ ಹೇಳಿಕೊಟ್ಟಿದ್ದಳು. ಕಾಸು ಮುಟ್ಟುವಂತಿಲ್ಲ, ಎಲೆ ಅಡಿಕೆ ತಂದರೆ ಸಾಕು. ಊರಲ್ಲೇ ಮದುವೆಯಾದದ್ದರಿಂದ ಕಾಲು ಊರು ಬಿಟ್ಟು ಹೋಗಲಿಲ್ಲ. ವಯಸ್ಸು ಐವತ್ತು ದಾಟುವ ಹೊತ್ತಿಗೆ ಹರವೆ, ಗುಂಡ್ಲುಪೇಟೆಯಿಂದಲೂ ಬಸ್ಸು ಹತ್ತಿ ಬರುವವರಿದ್ದರು. ಹೊಲದಲ್ಲಿ ಮೂಟೆ ಹೊತ್ತು ಉಳುಕಿದ ಸೊಂಟ ನಾಲ್ಕು ದಿನ ಮಲಗಿದರೆ ತಾನೇ ಸರಿಹೋಗುತ್ತದೆ. ಆ ನಾಲ್ಕು ದಿನದ ಪುಣ್ಯವೂ ಮಲ್ಲಾಜಮ್ಮನ ಎಡಗಾಲಿಗೇ ಸಲ್ಲುತ್ತಿತ್ತು. ಹೊಗಳಿಕೆ ಯಾರಿಗೆ ಕಹಿ? ಆಕೆಗೂ ಸಿಹಿಯೇ ಆಯಿತು.

ಎರಡು ಸಾವಿರದ ಮೂರನೇ ಇಸವಿಯಲ್ಲಿ ಒಂದು ಮಾತು ಆಕೆಯ ಕಿವಿಗೆ ಬಿತ್ತು. "ಮಲ್ಲಾಜಮ್ಮನ ಕಾಲ್ಗೆ ಈಗ ಮೊದಲ್ನಂಗೆ ಕಸುವಿಲ್ಲ ಕಣ್ಲಾ, ಇಂಜೆಕ್ಷನ್ನೇ ವಾಸಿ" ಎಂದು ಹೋಟೆಲಿನ ಮುಂದೆ ಯಾರೋ ಅಂದಿದ್ದರು. ಅಂದವರು ಟೀ ಕುಡಿದು ಮರೆತರು. ಮಲ್ಲಾಜಮ್ಮ ಮರೆಯಲಿಲ್ಲ. ಮುಂದಿನ ಭಾನುವಾರದಿಂದ ಸೋಕಿಸುವುದು ಹೋಗಿ ಒತ್ತುವುದು ಬಂತು. ಒತ್ತಿಸಿಕೊಂಡವರು "ಈಗ ಸರಿ ನೋಡವ್ವ" ಎಂದರು. ಆಕೆ ಇನ್ನಷ್ಟು ಒತ್ತಿದಳು.

ಅಂಥ ಒಂದು ಭಾನುವಾರ ಬಸವಪ್ರಸಾದ್ ಬಂದ. ಪಕ್ಕದ ಬೀದಿಯವನು, ಲೈನ್‌ಮ್ಯಾನ್, ಮೂವತ್ತರ ಪ್ರಾಯ. ಬೇಗೂರಿನ ಸುತ್ತ ಅವನು ಹತ್ತದ ಕರೆಂಟ್ ಕಂಬವಿರಲಿಲ್ಲ. ಸೊಂಟದಿಂದ ಹಿಮ್ಮಡಿವರೆಗೂ ಎಡಗಾಲು ಜುಮ್ ಎನ್ನುತ್ತಿತ್ತು. ಮಲಗುವ ಮೊದಲು ಅವನು ಸ್ಪಷ್ಟವಾಗಿ ಹೇಳಿದ್ದ: "ದೊಡ್ಡವ್ವ, ಮೈಸೂರಿನ ಡಾಕ್ಟ್ರು ಬೆನ್ನಿನ ಫೋಟೋ ತಗ್ಸವ್ರೆ. ಮೂಳೆ ಮಧ್ಯ ನರ ಸಿಕ್ಕಾಕಂಡದಂತೆ, ಯಾರ ಕೈಲೂ ಒತ್ತುಸ್ಕೋಬ್ಯಾಡ ಅಂದವ್ರೆ. ನೀವು ಸುಮ್ನೆ ಸೋಕ್ಸಿ ಸಾಕು."

ಆಕೆ ಕೇಳಿಸಿಕೊಂಡಳು. ಕೇಳಿಸಲಿಲ್ಲ ಎಂದು ಯಾವ ದೇವರ ಮುಂದೆಯೂ ಆಕೆ ಹೇಳುವಂತಿರಲಿಲ್ಲ. ಆದರೆ ಜಗುಲಿಯ ಕೆಳಗೆ ಆರೇಳು ಜನ ನಿಂತು ನೋಡುತ್ತಿದ್ದರು. ಫೋಟೋ ತೆಗೆಸಿಯೂ ವಾಸಿಯಾಗದ ಸೊಂಟ ತನ್ನ ಕಾಲಿಗೆ ಬಿಟ್ಟಿತೆಂದರೆ ಹೋಟೆಲಿನ ಮುಂದಿನ ಬಾಯಿಗಳು ಮುಚ್ಚುತ್ತವೆ ಎಂದುಕೊಂಡಳು. ಎರಡು ಸಲ ಸೋಕಿಸಿದಳು. ಮೂರನೇ ಸಲ ಗೋಡೆ ಹಿಡಿದು ಮೈಭಾರವನ್ನೆಲ್ಲ ಬಿಟ್ಟಳು. ಅವನು "ಅವ್ವಾ!" ಎಂದು ಚೀರಿದ. "ಬುಡ್ತು ನೋಡು" ಎಂದಳು ಮಲ್ಲಾಜಮ್ಮ, ಜನರ ಕಡೆ ತಿರುಗಿ.

ಮಾರನೇ ದಿನ ಅವನ ಎಡಪಾದ ಮೇಲೇಳಲಿಲ್ಲ. ಮೈಸೂರಿನಲ್ಲಿ ಆಪರೇಷನ್ ಆಯಿತು, ನೋವು ಹೋಯಿತು, ಪಾದ ಮಾತ್ರ ಹಾಗೇ ಜೋತುಬಿತ್ತು, ಮುಟ್ಟಿದರೂ ತಿಳಿಯದಾಯಿತು. ಕಂಬ ಹತ್ತುವವನನ್ನು ಬಿಲ್ ಕಟ್ಟಿಸಿಕೊಳ್ಳುವ ಕಿಟಕಿಯ ಹಿಂದೆ ಕೂರಿಸಿದರು. ಏನಾಯ್ತು ಎಂದು ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ: "ದೊಡ್ಡವ್ವ ಸೋಕ್ಸುದ್ರು ಅಷ್ಟೆ. ಸಂಜೆ ಬಚ್ಚಲಲ್ಲಿ ಜಾರ್ಬುಟ್ಟೆ."

ಬೈದಿದ್ದರೆ ಆಕೆ ಅತ್ತು ಹಗುರಾಗುತ್ತಿದ್ದಳೇನೋ. ಅವನು ಬೈಯಲಿಲ್ಲ. ಆ ಸುಳ್ಳಿನ ನೆರಳಲ್ಲಿ ಮೂರು ವರ್ಷ ಮಾನವಂತೆಯಾಗಿ ಬದುಕಿದಳು, ನಾಚಿಕೆ ಮಾತ್ರ ದಿನದಿನಕ್ಕೂ ಒಳಗೆ ಕೊರೆಯಿತು. ಜನ ಬರುವುದೂ ನಿಲ್ಲಲಿಲ್ಲ. ಒಲ್ಲೆ ಎಂದರೆ ಯಾಕೆ ಎಂದು ಕೇಳುತ್ತಾರೆ, ಹೇಳಲು ಬಾಯಿ ಬರದು. ಕಾಲಿಗೆ ಮುಳ್ಳು ಚುಚ್ಚಿದೆ, ಮೈಗೆ ಹುಷಾರಿಲ್ಲ ಎಂದು ನೆಪ ಹೇಳಿ ಕಳಿಸಿದಳು. ನೆಪಕ್ಕೆ ಜಗ್ಗದವರಿಗೆ ಗರಿ ತಾಗಿದಂತೆ ಸೋಕಿಸಿ ಒಳಗೆ ಓಡುತ್ತಿದ್ದಳು. ಎಷ್ಟು ತಗ್ಗಿ ನಡೆಯುವ ಹೆಂಗಸು ಎಂದು ಊರು ಇನ್ನೂ ಹೊಗಳಿತು.

ಕೊನೆಗೆ ಸೊಂಟ ಹಿಡಿದದ್ದು ಆಕೆಯದೇ. ಕಾಲಿನ ತನಕ ಅದೇ ಜುಮ್. ತನ್ನ ಬೆನ್ನಿಗೆ ತನ್ನ ಕಾಲು ಎಟುಕುವುದಿಲ್ಲವಲ್ಲ! ಸುದ್ದಿ ತಿಳಿದು ಬಸವಪ್ರಸಾದನೇ ಮನೆಗೆ ಬಂದ. "ಗುರುವಾರ ಗುರುವಾರ ನಾನು ಚಾಮರಾಜನಗರಕ್ಕೆ ಓಯ್ತೀನಿ, ಪಾದಕ್ಕೆ ಕರೆಂಟ್ ಕೊಡ್ತರೆ. ಅಲ್ಲೇ ಬೆನ್ನು ಎಳೆಯೋ ಮಿಷನ್ನದೆ. ಓಗನ ಬನ್ನಿ ದೊಡ್ಡವ್ವ" ಎಂದ. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸುವಾಗ ಆ ಪಾದವನ್ನು ಎಳೆದುಕೊಂಡೇ ಓಡಿ ಆಕೆಗೆ ಕಿಟಕಿ ಪಕ್ಕದ ಸೀಟು ಹಿಡಿದ. ತೆರಕಣಾಂಬಿ ದಾಟುವವರೆಗೂ ಆಕೆ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಕ್ಲಿನಿಕ್ಕಿನಲ್ಲಿ ಬೆನ್ನು ನೋಡಿದವಳು ಫಿಸಿಯೋಥೆರಪಿ ಮಾಡುವ ರಂಜಿನಿ ಎಂಬ ಹುಡುಗಿ, ಇನ್ನೂ ಮೂವತ್ತಾಗಿರಲಿಲ್ಲ. ಬೆನ್ನಿನ ಫೋಟೋ ತೆಗೆಸಿ ನೋಡಿ, ಮಂಚದ ಮೇಲೆ ಅಂಗಾತ ಮಲಗಿಸಿ, ಮೊಣಕಾಲ ಕೆಳಗೆ ದಿಂಬಿಟ್ಟು, ಎದೆಗೊಂದು ಸೊಂಟಕ್ಕೊಂದು ಪಟ್ಟಿ ಬಿಗಿದಳು. ಮಿಷನ್ನು ಎಳೆಯಲು ಶುರುಮಾಡಿತು. ಎಳೆಯುವುದೆಂದರೆ ಏನು, ಮಲಗಿದ ಮಗುವಿನ ಕೈಯಿಂದ ಆಟಿಕೆ ಬಿಡಿಸುವಷ್ಟು ಮೆಲ್ಲಗೆ.

"ಇಷ್ಟೇನಾ ಮಗ?" ಎಂದಳು ಮಲ್ಲಾಜಮ್ಮ.

"ಇಷ್ಟೇ ಅಮ್ಮ. ಮೂಳೆ ಮಧ್ಯೆ ಕೂದಲೆಳೆಯಷ್ಟು ಜಾಗ ಆದ್ರೂ ನರಕ್ಕೆ ಆರಾಮ. ಎಲ್ಲರಿಗೂ ಇದು ಆಗಲ್ಲ, ಫೋಟೋ ನೋಡೇ ಮಾಡೋದು. ಸ್ವಲ್ಪ ನೋವಾದ್ರೂ ಹೇಳಿ, ತಕ್ಷಣ ನಿಲ್ಲಿಸ್ತೀನಿ" ಎಂದು ರಂಜಿನಿ ಆಕೆಯ ಕೈಗೆ ಒಂದು ಸ್ವಿಚ್ಚು ಕೊಟ್ಟಳು. "ಇದು ಒತ್ತಿದ್ರೆ ನಿಲ್ಲುತ್ತೆ."

ನೋವಿರಲಿಲ್ಲ. ಮಲ್ಲಾಜಮ್ಮ ಆ ಸ್ವಿಚ್ಚನ್ನು ಹಿಡಿದುಕೊಂಡೇ ಅತ್ತಳು. ಅವನೂ ನಿಲ್ಲಿಸಲೆಂದೇ ಚೀರಿದ್ದ.

ಹೊರಗೆ ಬಂದರೆ ಬೆಂಚಿನ ತುಂಬ ಜನ. ಪಾದಕ್ಕೆ ಕರೆಂಟ್ ಮುಗಿಸಿಕೊಂಡ ಬಸವಪ್ರಸಾದ್ ಬರಿಗಾಲಲ್ಲಿ ಕೂತು ಆಕೆಗಾಗಿ ಕಾಯುತ್ತಿದ್ದ. ಅವನ ಪಕ್ಕದಲ್ಲಿದ್ದ ಹರವೆಯ ಹೆಂಗಸೊಬ್ಬಳು ಆಕೆಯನ್ನು ಕಂಡು ಧಡಕ್ಕನೆ ಎದ್ದಳು. "ಅಯ್ಯೋ, ಬೇಗೂರಿನ ಕಾಲಮ್ಮೋರಲ್ವ? ನಮ್ಮತ್ತೆಗೆ ಸೊಂಟದಿಂದ ಕಾಲ್ಗಂಟ ಜೋಮು. ನೀವೇ ಸಿಕ್ಕುದ್ರಲ್ಲ, ಮಿಷನ್ನು ಯಾಕೆ ಬುಡಿ! ಅತ್ತೆ, ಬಗ್ಗಿ." ಆ ಮುದುಕಿ ಬೆಂಚು ಹಿಡಿದು ಬಗ್ಗಿಯೇಬಿಟ್ಟಳು.

ಮಲ್ಲಾಜಮ್ಮ ಬಗ್ಗಿದ ಆ ಬಡಕಲು ಬೆನ್ನು ನೋಡಿದಳು. ಇನ್ನೊಂದು ನೆಪ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇವತ್ತು ನೆಪ ಹೇಳಿದರೆ ಈ ಮುದುಕಿ ಬರುವ ಭಾನುವಾರ ಜಗುಲಿಗೇ ಬರುತ್ತಾಳೆ.

"ಏಳಿ ತಾಯಿ. ನನ್ ಕಾಲು ವಾಸಿ ಮಾಡದಲ್ಲ" ಎಂದಳು. "ಈ ಬಸವಪ್ರಸಾದನ ಪಾದ ಓಗಿದ್ದು ನನ್ನಿಂದ. ಒತ್ಬ್ಯಾಡಿ ಅಂತ ಬಾಯ್ಬುಟ್ಟು ಕೇಳ್ದ. ನಾಕು ಜನ ನೋಡ್ಲಿ ಅಂತ ತುಳುದ್ಬುಟ್ಟೆ."

ಬಸವಪ್ರಸಾದ್ ಗಡಬಡಿಸಿ ಹರವೆಯವಳ ಕಡೆ ತಿರುಗಿದ. "ಸುಳ್ಳು ಕಣಕ್ಕ, ಅವ್ರಿಗೆ ಸಂಕಟ, ಏನೇನೋ ಅಂತವ್ರೆ. ನಾನು ಬಚ್ಚಲಲ್ಲಿ ಜಾರಿದ್ದು." ಹರವೆಯವಳ ಮುಖ ಅರಳಿತು. "ನಂಗೊತ್ತು ಬುಡಪ್ಪ! ದೊಡ್ಡವ್ರು ತಮ್ಮನ್ನ ತಾವು ಇಳ್ಸ್ಕೊಂಡೇ ಮಾತಾಡದು. ಸೋಕ್ಸಿ ತಾಯಿ" ಎಂದಳು.

ತಪ್ಪೊಪ್ಪಿಕೊಂಡರೂ ದೊಡ್ಡಸ್ತಿಕೆಯೇ ಗಂಟುಬಿದ್ದಿತ್ತು. ಮಲ್ಲಾಜಮ್ಮನಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಸೊಂಟ ಕೂಗಿಕೊಂಡರೂ ಲೆಕ್ಕಿಸದೆ ಮೊಣಕಾಲೂರಿ, ತನ್ನ ಮಗನ ವಯಸ್ಸಿನವನ ಎಡಪಾದದ ಮೇಲೆ ಎರಡು ಕೈಯೂ ಇಟ್ಟಳು. ಗಟ್ಟಿಯಾಗಿ ಹಿಡಿದಳು. ಕಣ್ಣೀರು ಆ ಪಾದದ ಮೇಲೇ ಬಿತ್ತು.

ಬಸವಪ್ರಸಾದ್ ಇನ್ನೂ ಹರವೆಯವಳಿಗೆ ಬಚ್ಚಲಿನ ಕತೆ ಹೇಳುತ್ತಿದ್ದ, ಪಾಚಿ ಇತ್ತು, ಸೋಪು ಬಿದ್ದಿತ್ತು ಎಂದು. ತನ್ನ ಪಾದವನ್ನು ಯಾರೋ ಹಿಡಿದಿದ್ದಾರೆಂಬುದು ಅವನಿಗೆ ತಿಳಿದಿರಲೇ ಇಲ್ಲ.

ಹರವೆಯವಳು ಕೆಳಗೆ ನೋಡಿದಳು. ಆ ಕೈಗಳನ್ನು ನೋಡಿದಳು, ಮತ್ತೆ ಅವನ ಮುಖ ನೋಡಿದಳು. ಆಮೇಲೆ ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿ, ರಂಜಿನಿಯ ಬಾಗಿಲ ಕಡೆ ಕರೆದುಕೊಂಡು ಹೋದಳು.