ಡಬ್ಬಿ ಕ್ಯಾಮೆರಾದ ಎಡಬಲ

ದಸರೆ ಮುಗಿದಿದ್ದರೂ ಕಾನ್ಹೇರಿ ಗುಡ್ಡದ ಹುಲ್ಲು ಇನ್ನೂ ಸುಮಿಯ ಎದೆಮಟ್ಟ ಇತ್ತು. ನಮ್ಮ ಯಜಮಾನರು ಡಬ್ಬಿ ಕ್ಯಾಮೆರಾವನ್ನು ಹೊಟ್ಟೆಗೆ ಒತ್ತಿಕೊಂಡು, ತಲೆ ತಗ್ಗಿಸಿ, ಅದರ ಮೇಲಿನ ಪುಟ್ಟ ಗಾಜಿನಲ್ಲಿ ಕಾಲುದಾರಿಯಂಚಿನ ಕಾಡುಹೂಗಳ ನಡುವೆ ನಿಂತ ಮಗಳನ್ನು ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಅವರ ಮುಖ ಬಿಳುಚಿತು.

"ಸುಮಿ, ಬಾಜೂಕ ಹುಳ ಅದ. ಓಡಬ್ಯಾಡ. ಸಾವಕಾಶ ಈ ಕಡೆ ಸರಿ," ಎಂದು ಗಾಜಿನಿಂದ ಕಣ್ಣು ಕೀಳದೆ ಬಲಗಡೆಗೆ ಕೈ ಬೀಸಿದರು.

ಅವರು ಹುಳ ಎಂದ ಹಾವು ಇದ್ದದ್ದು ಅದೇ ಕಡೆ. ಆ ಗಾಜಿನಲ್ಲಿ ಕನ್ನಡಿಯ ಹಾಗೆ ಬಲದ್ದು ಎಡಕ್ಕೆ ಕಾಣುತ್ತದೆ. ಗಾಬರಿಯಲ್ಲಿ ಅವರಿಗೆ ಅದು ಮರೆತಿತ್ತು. ಅಪ್ಪನ ಕೈ ನೋಡಿ ಸುಮಿ ಹಾವಿನತ್ತಲೇ ಹೆಜ್ಜೆ ಇಟ್ಟಳು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಅಂಗೈಯಿಂದ ಆ ಗಾಜನ್ನು ಮುಚ್ಚಿಬಿಟ್ಟೆ. ಅವರು ತಲೆ ಎತ್ತಿದರು.

"ನಿಂದ್ರು. ಅಲ್ಲೇ ನಿಂದ್ರು," ಎಂದರು, ನಾನೆಂದೂ ಕೇಳದ ದನಿಯಲ್ಲಿ.

ಹಾವು ಅವಳ ಚಪ್ಪಲಿಯ ಮುಂದೆಯೇ ಹರಿದು ಹೋಯಿತು. ಹುಲ್ಲಿನ ಅಲುಗಾಟ ನಿಂತ ಮೇಲೆಯೇ ಸುಮಿ ಕಾಲು ಎತ್ತಿದಳು.

ಇದನ್ನು ಬೋರಿವಲಿ ಸ್ಟೇಷನ್ನಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಈಗಷ್ಟೇ ಲೋಕಲ್ ರೈಲು ಬರುವುದು ಕಂಡು ಅವರು, "ಸುಮಿ, ಈ ಕಡೆ ಬಾ," ಎಂದು ಕೈ ಬೀಸಿದರು.

ಸುಮಿ ಕದಲಲಿಲ್ಲ. ಮೊದಲು ನನ್ನ ಮುಖ ನೋಡಿದಳು.