ಐಬು ಮೊದಲು ಹೇಳುತ್ತಿದ್ದ ದೊಡ್ಡಪ್ಪ

೨೦೦೯ರ ಡಿಸೆಂಬರ್ ೧೩, ಭಾನುವಾರ. ಬೆಳಿಗ್ಗೆ ಆರೂ ಮುಕ್ಕಾಲಿಗೆ ಬರೆಯಲು ಕುಳಿತಿದ್ದೇನೆ.

ಮೊದಲು ನೆನಪಾಗುವುದು ಅವರ ಬಲಗೈ. ಮುಖ, ಕುತ್ತಿಗೆ, ಮೊಣಕೈ ಎಲ್ಲ ಸಂತೆಯ ಬಿಸಿಲಿಗೆ ಸುಟ್ಟ ಬಣ್ಣ. ಬಲ ಅಂಗೈ ಮಾತ್ರ ಹತ್ತಿಯಂತೆ ಮೆತ್ತಗೆ, ಬೆಳ್ಳಗೆ. ಸಂತೆಯ ದಿನ ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತು ಆ ಕೈಯ ಐದು ಉಗುರುಗಳನ್ನು ಬುಡದವರೆಗೆ ಕತ್ತರಿಸಿಕೊಳ್ಳುತ್ತಿದ್ದರು. ಎಡಗೈಯ ಉಗುರು ಹೇಗೆ ಬೆಳೆದರೂ ಚಿಂತೆಯಿಲ್ಲ. ಯಾಕೆಂದು ಚಿಕ್ಕವಳಿದ್ದಾಗ ಕೇಳಿದ್ದೆ.

"ಉಗುರು ಚುಚ್ಚಿದ್ರ ಗಿರಾಕಿ ಕೈ ಎಳಕೊಂತಾನವಾ. ಕೈ ಎಳಕೊಂಡ್ರ ಎತ್ತು ಹೋತು."

ಅವರು ದನಕುರಿಗಳ ದಲ್ಲಾಳಿ. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ರಕ್ತಸಂಬಂಧವೇನೂ ಇಲ್ಲ. ಆದರೂ ನನಗೆ ಅವರು ದೊಡ್ಡಪ್ಪ, ಅವರ ಹೆಂಡತಿ ದೊಡ್ಡವ್ವ. ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಎಂದು ಸಂತೆಯಿಂದ ಸಂತೆಗೆ ತಿರುಗುತ್ತಿದ್ದರು. ಮಾರುವವನ ಕೈ ಮೇಲೆ ಟವೆಲ್ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ದರ ಹೇಳುವುದು ಆ ಕಸುಬಿನ ರೂಢಿ. ಎಷ್ಟು ಬೆರಳು ಹಿಡಿದರು, ಎಲ್ಲಿ ಒತ್ತಿದರು ಎಂಬುದು ಆ ಎರಡು ಕೈಗಳಿಗೆ ಮಾತ್ರ ಗೊತ್ತು. ಸುತ್ತ ನಿಂತವರಿಗೆ ಕಾಣುವುದು ಅಲುಗಾಡುವ ಟವೆಲ್ ಅಷ್ಟೇ. ವ್ಯಾಪಾರ ಮುರಿದರೆ ದೊಡ್ಡಪ್ಪ ಟವೆಲನ್ನು ಒಮ್ಮೆ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ಆ ದನದ ಸುದ್ದಿ ಎತ್ತುತ್ತಿರಲಿಲ್ಲ.

ಅವರದೊಂದು ನೇಮವಿತ್ತು. ಟವೆಲ್ ಹೊದಿಸುವ ಮೊದಲೇ ದನದ ಐಬನ್ನು ಗಟ್ಟಿಯಾಗಿ ಹೇಳಿಬಿಡುವುದು. "ಬಲಗಣ್ಣಾಗ ನೀರು ಸೋರತೈತಿ. ಹೊಳಿ ದಾಟಾಕ ಹೆದರತೈತಿ. ಇನ್ನ ಗುಣ ಕೇಳ್ರಿ." ಐಬು ಮೊದಲು, ಗುಣ ಆಮೇಲೆ. ಗುಣ ಮೊದಲು ಹೇಳಿದರೆ ಕೇಳುವವನ ಕಿವಿ ಅಲ್ಲಿಗೇ ತುಂಬಿಹೋಗುತ್ತದೆ, ಐಬಿಗೆ ಜಾಗ ಉಳಿಯುವುದಿಲ್ಲ ಎನ್ನುತ್ತಿದ್ದರು.

ಓಣಿಯಲ್ಲಿ ಯಾರು ಏನು ಕೊಂಡರೂ ಅವರಿಗೆ ತೋರಿಸಬೇಕು. ನಮ್ಮ ಮಿಕ್ಸಿಯನ್ನು ತಿರುವಿ ನೋಡಿ, "ಬಾಯಿ ಜೋರೈತಿ, ಹೊಟ್ಟಿ ಸಣ್ಣದು. ನಿಮ್ಮವ್ವಗ ಆಗಿ ಬರೂದಿಲ್ಲ" ಅಂದಿದ್ದರು. ಅವರ ತೀರ್ಮಾನ ಯಾವಾಗಲೂ ಸರಿ ಇರುತ್ತಿತ್ತು ಎಂದೇನಲ್ಲ. ಊರಿಗೆ ಮೊದಲ ಮೊಬೈಲು ಬಂದಾಗ "ಇದು ಎರಡು ವರ್ಷದ ಹಾವಳಿ" ಎಂದು ಸಾರಿದ್ದರು. ಆ ಮಿಕ್ಸಿಯಲ್ಲಿ ಅವ್ವ ಇವತ್ತಿಗೂ ಚಟ್ನಿ ಅರೆಯುತ್ತಾಳೆ. ಆದರೆ ದಿನಚರಿಯ ಪುಟಕ್ಕೆ ನಡುವೆ ಗೆರೆ ಎಳೆದು ಎಡಕ್ಕೆ ಐಬು, ಬಲಕ್ಕೆ ಗುಣ ಬರೆಯುವ ಚಾಳಿ ನನಗೆ ಅವರಿಂದಲೇ ಬಂತು. ಅದನ್ನು ನೋಡಿ ನನ್ನನ್ನು "ಲೆಕ್ಕದವ್ವ" ಎಂದು ಕರೆಯುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು, ನನಗಿಂತ ಮೂರು ವರ್ಷ ದೊಡ್ಡವಳು. ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ನಾವಿಬ್ಬರೂ ಕುಂಟಾಬಿಲ್ಲೆ ಆಡಿ ಬೆಳೆದವರು. ಅವಳಿಗೆ ಮಾತು ಕಲಿಸಿದ್ದು ದೊಡ್ಡಪ್ಪ. ಅವರಿಗೆ ಗೊತ್ತಿದ್ದದ್ದು ಟವೆಲ್ ಕೆಳಗಿನ ಭಾಷೆ. ಅದನ್ನೇ ಬಿಡಿಸಿ, ಬೆಳೆಸಿ, ಮಗಳ ಕೈಗೆ ಕೊಟ್ಟಿದ್ದರು. ಕಿರುಬೆರಳು ಹಿಡಿದು ಎಳೆದರೆ ಹಸಿವಾಯಿತೇ ಎಂದು. ಹೆಬ್ಬೆರಳಿನ ಬುಡ ಒತ್ತಿದರೆ ಅವ್ವ. ಎರಡು ಬೆರಳು ಸೇರಿಸಿ ಹಿಡಿದರೆ ನಾನು, ಗೆಳತಿ. ಉಳಿದವರೆಲ್ಲ ಅವಳೊಡನೆ ಗಾಳಿಯಲ್ಲಿ ಕೈ ಆಡಿಸಿ ಮಾತಾಡುತ್ತಿದ್ದೆವು. ಅಪ್ಪ ಮಗಳು ಮಾತ್ರ ಕೈ ಕೈ ಹಿಡಿದುಕೊಂಡೇ ಮಾತಾಡುತ್ತಿದ್ದರು.

ಅವಳನ್ನು ನೋಡಲು ಹಿರೇಹಡಗಲಿಯಿಂದ ಗಂಡಿನವರು ಬಂದ ದಿನ ನಾನು ಒಳಗೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದೆ. ಅವರು ಕಾಲು ತೊಳೆದು ಕುಳಿತಿದ್ದರಷ್ಟೇ. ದೊಡ್ಡಪ್ಪ ಶುರು ಮಾಡಿದರು.

"ನನ್ನ ಮಗಳಿಗೆ ಕಿವಿ ಕೇಳಂಗಿಲ್ಲ, ಬಾಯಿ ಬರಂಗಿಲ್ಲ. ಸಿಟ್ಟು ಬಾಳ. ಇನ್ನ ಗುಣ ಹೇಳ್ಲೇನ್ರಿ?"

ಗಂಡಿನ ಕಡೆಯ ಹಿರಿಯರೊಬ್ಬರು ನಕ್ಕುಬಿಟ್ಟರು. ಮದುವೆ ಕೂಡಿತು. ಆದರೆ ದೊಡ್ಡವ್ವ ಆ ಮಾತನ್ನು ಮರೆಯಲೇ ಇಲ್ಲ. ಜಗಳ ಯಾವುದರಿಂದ ಶುರುವಾದರೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು. "ಹಡೆದ ಮಗಳನ್ನ ಆಕಳ ಮಾರಿದಂಗ ಮಾತಾಡಿದ ಪುಣ್ಯಾತ್ಮ ಇಂವ."

ಮದುವೆಯಾದ ಮರುವರ್ಷ ಹರಪನಹಳ್ಳಿ ಸಂತೆಯಲ್ಲಿ ಹೋರಿಯೊಂದು ಒದ್ದು ದೊಡ್ಡಪ್ಪನ ತೊಡೆಯ ಮೂಳೆ ಮುರಿಯಿತು. ಮೂಳೆ ಕೂಡಿದ ಮೇಲೂ ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಹಡಗಲಿಗೆ ಒಂದು ಬಸ್ಸು, ಅಲ್ಲಿಂದ ಹಿರೇಹಡಗಲಿಗೆ ಇನ್ನೊಂದು. ಮಗಳು ಹಬ್ಬಕ್ಕೆ ಬಂದಾಗಲೇ ನೋಡಬೇಕು. ನಡುವೆ ಅಳಿಯ ಫೋನ್ ಮಾಡುತ್ತಿದ್ದ. ಟೇಲರ್ ಕೆಲಸದ ಸಂಭಾವಿತ ಹುಡುಗ. ಆದರೆ ಅವನ ಸುದ್ದಿ ಒಂದೇ ಸಾಲಿನದು. "ಆರಾಮದಾಳ್ರಿ ಮಾವ."

ಒಮ್ಮೆ ಫೋನ್ ಇಟ್ಟ ಮೇಲೆ ದೊಡ್ಡಪ್ಪ ನನ್ನ ಮುಂದೆ ಅಂದರು: "ಇನ್ನೊಬ್ಬರ ಬಾಯಿಂದ ಕೇಳಿ ನಾನು ಒಂದು ಕುರಿಮರಿ ಸಹಿತ ಕೊಂಡಾಂವಲ್ಲ. ಮಗಳ ಸುಖಾನ ಹೆಂಗ ಕೊಳ್ಳಲಿ?"

ಈ ವರ್ಷದ ಯುಗಾದಿ ಕಳೆದ ವಾರ ಪತ್ರಿಕೆಯಲ್ಲಿ ಹೊಸ ಮೊಬೈಲಿನ ಸುದ್ದಿ ಬಂತು. ಗುಂಡಿಗಳೇ ಇಲ್ಲ, ಗಾಜಿನ ಮೇಲೆ ಬೆರಳು ಆಡಿಸಿದರೆ ಸಾಕು. ಹಿಂದೊಂದು ಕ್ಯಾಮೆರಾ, ಮುಂದೊಂದು ಕ್ಯಾಮೆರಾ. ಮಾತಾಡುವವರು ಒಬ್ಬರ ಮುಖ ಒಬ್ಬರು ನೋಡಬಹುದು ಎಂದು ಬರೆದಿತ್ತು. ಸಂಜೆ ಅದನ್ನು ಕಟ್ಟೆಯ ಮೇಲೆ ಓದಿ ಹೇಳಿದೆ. ದೊಡ್ಡಪ್ಪ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದರು.

"ಹಲ್ಲ ಇಲ್ಲಲ್ಲವಾ ಇದಕ್ಕ. ವಯಸ್ಸು ಹೆಂಗ ನೋಡೂದು?"

"ಈಗ ಹುಟ್ಟಿದ ಕರ ದೊಡ್ಡಪ್ಪ."

"ಸುಣ್ಣ ಹತ್ತಿದ ಬೆರಳಿಗೆ ಕೇಳತೈತೇನು?"

"ಗೊತ್ತಿಲ್ಲ. ಒರೆಸಿಕೊಂಡು ಮುಟ್ಟಬೇಕು."

"ಚಾರ್ಜು?"

"ದಿನಾ ಹಾಕಬೇಕು ಅಂತ ಕಾಣತೈತಿ."

"ನಮ್ಮೂರ ಕರೆಂಟಿನಾಗ? ಬರಕೋ, ಐಬು." ಆಮೇಲೆ ದನಿ ಇಳಿಸಿ ಕೇಳಿದರು. "ಮುಖ ಕಾಣತೈತಿ ಅಂದಿ. ಕೈ ಕಾಣತಾವೇನು?"

ಆಗ ನನಗೆ ಅವರ ಮನಸ್ಸು ತಿಳಿಯಿತು. ಹೌದು, ಕೈ ಮುಂದೆ ಹಿಡಿದರೆ ಕಾಣುತ್ತವೆ ಅಂದೆ. ಒಳಗಿನಿಂದ ದೊಡ್ಡವ್ವ, "ಕಾಲು ಮುರುದ್ರೂ ಬುದ್ಧಿ ಬರಲಿಲ್ಲ. ಈ ವಯಸ್ಸಿಗೆ ಗಾಜಿನ ಪೆಟಗಿ ಬೇಕಂತ" ಎಂದು ಬೈದಳು. ಬೈಯುತ್ತಲೇ ಬಾಗಿಲಿಗೆ ಬಂದು ಚಿತ್ರ ನೋಡಿದಳು. "ಆಕಿ ಕಾಣ್ತಾಳೇನು ನಿಜವಾಗ್ಲೂ?" ಎಂದು ನನ್ನನ್ನು ಕೇಳಿದಳು.

ಆ ರಾತ್ರಿ ಅವರ ಮನೆಯಲ್ಲಿ ಎರಡು ಟಗರು ಮಾರುವ ಮಾತು ನಡೆದದ್ದು ಗೋಡೆಯಾಚೆ ಕೇಳಿಸಿತು. ಮರುದಿನ ನಾನು ಹೊಸಪೇಟೆಗೆ ಹೋಗುವವಳಿದ್ದೆ. ಅಲ್ಲಿನ ದೊಡ್ಡ ಅಂಗಡಿಯಲ್ಲಿ ವಿಚಾರಿಸಿದೆ. ಮುಖ ನೋಡಿ ಮಾತಾಡಲು ಬೇರೆಯೇ ಬಗೆಯ ನೆಟ್‌ವರ್ಕ್ ಬೇಕಂತೆ. ಅದು ಸದ್ಯಕ್ಕೆ ದೊಡ್ಡ ಊರುಗಳಲ್ಲಿ ಮಾತ್ರ. ನಮ್ಮ ಕಡೆಗೆ ಯಾವಾಗ ಬರುತ್ತದೋ ಅಂಗಡಿಯವನಿಗೂ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಬರುತ್ತ, ಹೇಗೆ ಹೇಳುವುದು ಎಂದು ಯೋಚಿಸಿದೆ. ದೊಡ್ಡಪ್ಪ ಕಟ್ಟೆಯ ಮೇಲೆ ಕಾಯುತ್ತಿದ್ದರು. ನಾನು ಗಾಜು ಬಹಳ ಚೆನ್ನಾಗಿದೆ, ಚಿತ್ರ ನೀರಿನಷ್ಟು ತಿಳಿಯಾಗಿದೆ ಎಂದು ಶುರು ಮಾಡಿದೆ.

"ಲೆಕ್ಕದವ್ವಾ," ಅಂದರು, "ಐಬು ಮೊದಲು."

ಹೇಳಿದೆ. ನಮ್ಮೂರಲ್ಲೂ ಆಗುವುದಿಲ್ಲ, ಹಿರೇಹಡಗಲಿಯಲ್ಲಂತೂ ಆಗುವುದೇ ಇಲ್ಲ. ಗುಣ ಹೇಳು ಎಂದು ಅವರು ಕೇಳಲಿಲ್ಲ. ತೊಡೆಯ ಮೇಲಿದ್ದ ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು.

ಮೂರು ದಿನ ಆ ಮಾತು ಬರಲಿಲ್ಲ. ನಾಲ್ಕನೆಯ ದಿನ ನನ್ನ ತಮ್ಮ ಕಟ್ಟೆಯ ಮೇಲೆ ಕುಳಿತು ಗೆಳೆಯನ ಮೊಬೈಲಿನಲ್ಲಿ ಯಾವುದೋ ಮದುವೆಯ ಕುಣಿತ ನೋಡುತ್ತಿದ್ದ. ಗುಂಡಿ ಇರುವ ಸಾದಾ ಮೊಬೈಲು. ದೊಡ್ಡಪ್ಪ ಬಗ್ಗಿ ನೋಡಿದರು.

"ಇದು ಈಗ ನಡಿಯಾಕತ್ತೈತೇನಲೇ?"

"ಇಲ್ಲ ದೊಡ್ಡಪ್ಪ, ಹೋದ ವಾರದ್ದು. ಚಿಪ್ಪಿನಾಗೈತಿ." ನನ್ನ ತಮ್ಮ ಆ ಮೊಬೈಲಿನ ಹಿಂಬದಿ ತೆಗೆದು, ಕಿರುಬೆರಳಿನ ಉಗುರಿನಷ್ಟಿದ್ದ ಮೆಮೊರಿ ಕಾರ್ಡ್ ತೋರಿಸಿದ.

ದೊಡ್ಡಪ್ಪ ಅದನ್ನು ಆ ಬೆಳ್ಳನೆಯ ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. "ಇವತ್ತಿನ ಮಾತು ಇವತ್ತ ಮುಟ್ಟಬೇಕಂತ ಎಲ್ಲೈತಿ? ಸಂತಿನೂ ವಾರಕ್ಕೊಮ್ಮೆ ಅಲ್ಲೇನು" ಅಂದರು.

ಟಗರು ಮಾರಬೇಕಾಗಲಿಲ್ಲ. ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ, ಒಬ್ಬರು ಬಳಸಿ ಬಿಟ್ಟ ಕ್ಯಾಮೆರಾ ಮೊಬೈಲು ಸಿಕ್ಕಿತು. ಅದಕ್ಕೂ ಐಬಿತ್ತು: ಗಂಟೆ ಬಾರಿಸುತ್ತಿರಲಿಲ್ಲ. "ನಮ್ಮ ಕೆಲಸಕ್ಕ ಗಂಟಿ ಯಾಕ ಬೇಕು" ಎಂದರು ದೊಡ್ಡಪ್ಪ. ಅಳಿಯನ ಮೊಬೈಲಿಗೆ ಕಾರ್ಡ್ ಹಾಕಬಹುದು ಎಂದು ಫೋನಿನಲ್ಲಿ ಖಾತ್ರಿ ಮಾಡಿಕೊಂಡೆವು. ಹಿರೇಹಡಗಲಿಯ ಕುರಿಯವರು ನಮ್ಮ ಸಂತೆಗೆ ಬರುತ್ತಿದ್ದರು. ಕಾರ್ಡನ್ನು ಬೆಂಕಿಪೊಟ್ಟಣದಲ್ಲಿ ಹತ್ತಿಯ ನಡುವೆ ಇಟ್ಟು ಅವರ ಕೈಗೆ ಕೊಡುವುದು, ಮುಂದಿನ ಸಂತೆಗೆ ಉತ್ತರ ತರುವುದು ಎಂದು ಗೊತ್ತಾಯಿತು.

ಮೊದಲ ಸಲ ವೀಡಿಯೊ ಚಿತ್ರ ತೆಗೆದವಳು ನಾನು. ಮೊಬೈಲು ಹಿಡಿದು "ಹೂಂ ದೊಡ್ಡಪ್ಪ" ಅಂದೆ. ಅವರು ಕೈ ಚಾಚಿದರು, ನಿಲ್ಲಿಸಿದರು. ಹಿಡಿಯಲು ಎದುರಿಗೆ ಮಗಳ ಕೈ ಇಲ್ಲ. ಗಾಳಿಯಲ್ಲಿ ಸನ್ನೆ ಮಾಡುವುದು ಅವರಿಗೆ ರೂಢಿಯಿರಲಿಲ್ಲ. ಆಮೇಲೆ ತಮ್ಮ ಎಡಗೈಯನ್ನು ಎದೆಯ ಮುಂದೆ ಮಗಳ ಕೈಯೆಂಬಂತೆ ಇಟ್ಟುಕೊಂಡರು. ಬಲಗೈಯಿಂದ ಅದರ ಕಿರುಬೆರಳು ಹಿಡಿದು ಎಳೆದರು.

ದೊಡ್ಡವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ನೋಡವಾ, ತನ್ನ ಕೈ ತಾನ ಹಿಡಕೊಂಡು ವ್ಯಾಪಾರ ಮಾಡಾಕತ್ಯಾನ" ಎಂದು ನಕ್ಕಳು. ಆಮೇಲೆ ನಗಲಿಲ್ಲ. ಆ ಎಡಗೈಯ ಉಗುರುಗಳನ್ನೂ ಅವರು ಅವತ್ತು ಕತ್ತರಿಸಿಕೊಂಡಿದ್ದರು.

ಮುಂದಿನ ಸಂತೆಗೆ ಪೊಟ್ಟಣ ವಾಪಸು ಬಂತು. ನಾವು ಮೂವರೂ ತಲೆಗೆ ತಲೆ ತಾಗಿಸಿ ನೋಡಿದೆವು. ಅವಳು ತನ್ನ ಮನೆಯ ಅಂಗಳದಲ್ಲಿ ಕುಳಿತಿದ್ದಳು, ಬಡವಾಗಿದ್ದಳು. ಅವಳೂ ಅಪ್ಪನಂತೆಯೇ ತನ್ನ ಕೈಯನ್ನು ತಾನೇ ಹಿಡಿದುಕೊಂಡು ಊಟ, ಬಿಸಿಲು, ಅತ್ತೆಯ ಕೆಮ್ಮು ಎಲ್ಲ ಹೇಳಿದಳು. ಆಮೇಲೆ ಎರಡೂ ಕೈ ಬಿಟ್ಟು, ಬಲಗೈಯನ್ನು ಹೊಟ್ಟೆಯ ಮೇಲಿಟ್ಟು, ನಿಧಾನವಾಗಿ ನೆಲಕ್ಕೆ ಇಳಿಸಿ ಅಂಗೈ ಮಗುಚಿದಳು.

ಆ ಸನ್ನೆ ನನಗೂ ಗೊತ್ತಿತ್ತು. ಅವರ ಹಟ್ಟಿಯಲ್ಲಿ ಆಕಳು ಕಂದು ಹಾಕಿದಾಗ, ದಿನ ತುಂಬದೆ ಕರು ಹೋದಾಗ, ದೊಡ್ಡವ್ವ ಅವಳಿಗೆ ಹಾಗೆ ತೋರಿಸುತ್ತಿದ್ದಳು. ಹೆಂಗಸರಿಗೆ ಬೇರೆ ಸನ್ನೆಯನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ.

ದೊಡ್ಡಪ್ಪ ಅಳಿಯನಿಗೆ ಫೋನ್ ಹಚ್ಚಿಸಿದರು. "ಅಳಿಯಂದ್ರ, ಇದನ್ನ ಯಾಕ ಮುಚ್ಚಿದ್ರಿ?"

ಆ ಕಡೆಯಿಂದ ಹುಡುಗ ಅಂದ: "ನಿಮ್ಮ ಕಾಲು ಹಂಗೈತಿ ಮಾವ. ಹೇಳಿದ್ರ ಬಸ್ ಹತ್ತಾಕ ಹೋಗ್ತೀರಿ, ಬೀಳ್ತೀರಿ. ಎರಡು ತಿಂಗಳಾತ್ರಿ. ದವಾಖಾನಿಗೆ ತೋರಿಸೇನಿ, ಗುಳಿಗಿ ಕೊಟ್ಟಾರ. ಆದ್ರ ಆಕಿ ಊಟಾನ ಸರಿ ಮಾಡವಲ್ಲಳು."

ದೊಡ್ಡಪ್ಪ ಇನ್ನೇನೋ ಅನ್ನುವವರಿದ್ದರು. ದೊಡ್ಡವ್ವ ಮೊಬೈಲು ಕಸಿದುಕೊಂಡು, "ನಾಳಿ ಮೊದಲ ಬಸ್ಸಿಗೆ ಬರ್ತೀನಪ್ಪಾ" ಎಂದಷ್ಟೇ ಹೇಳಿದಳು.

ಅವಳ ಕೈಯಲ್ಲಿ ಕಳಿಸಲು ಆ ಸಂಜೆಯೇ ಇನ್ನೊಂದು ಚಿತ್ರ ತೆಗೆದೆ. ದೊಡ್ಡಪ್ಪ ಎಡಗೈಯ ಐದೂ ಬೆರಳುಗಳನ್ನು ಬಲಗೈಯಲ್ಲಿ ಹಿಡಿದುಕೊಂಡರು. ಕ್ಯಾಮೆರಾ ತಾನಾಗಿ ನಿಲ್ಲುವವರೆಗೂ ಹಿಡಿದೇ ಇದ್ದರು.

ದೊಡ್ಡವ್ವ ಅಲ್ಲಿ ಹದಿನೈದು ದಿನ ಇದ್ದು ಬಂದಳು. ಮಗಳು ಊಟ ಮಾಡತೊಡಗಿದಳು. ಆಮೇಲೆ ಪ್ರತಿ ಸಂತೆಗೂ ಪೊಟ್ಟಣ ಹೋಗಿ ಬಂದು ಮಾಡಿತು. ಜಗಳವೂ ಅದರಲ್ಲೇ. ಅಪ್ಪ ತಂಬಾಕು ಬಿಟ್ಟಿಲ್ಲ ಎಂದು ತಿಳಿದು ಅವಳು ಒಂದು ವಾರ ಕ್ಯಾಮೆರಾಕ್ಕೆ ಬೆನ್ನು ಹಾಕಿ ಕುಳಿತ ಚಿತ್ರ ಕಳಿಸಿದ್ದಳು. ದೊಡ್ಡಪ್ಪ ಅದನ್ನು ಓಣಿಗೆಲ್ಲ ತೋರಿಸಿದರು. "ಸಿಟ್ಟು ಬಾಳ ಅಂತ ಅವತ್ತ ಹೇಳಿದ್ದೆನಿಲ್ಲ?"

ದೀಪಾವಳಿ ಮುಗಿದು ಕೆಲವು ವಾರಕ್ಕೆ, ಒಂದು ಬೆಳಿಗ್ಗೆ ಎದೆನೋವೆಂದು ಕಟ್ಟೆಗೆ ಒರಗಿದವರು ಏಳಲಿಲ್ಲ. ಗೋಡೆಯಾಚೆ ದೊಡ್ಡವ್ವ ಕೂಗಿದ್ದು ಕೇಳಿ ನಾನು ಓಡಿದೆ. ಕೈ ಇನ್ನೂ ಬೆಚ್ಚಗಿತ್ತು. ಮಧ್ಯಾಹ್ನ ಮಗಳು ಬಂದಳು. ಮಣ್ಣು ಮಾಡುವವರೆಗೂ ಅವಳು ಆ ಬಲಗೈಯನ್ನು ಬಿಡಲಿಲ್ಲ. ಅವಳು ಬೆರಳುಗಳನ್ನು ಒತ್ತುತ್ತ ಏನೋ ಹೇಳುತ್ತಲೇ ಇದ್ದಳು. ಅದು ನಮಗೆ ಕಾಣುವ ಮಾತಾಗಿರಲಿಲ್ಲ.

ನಾನು ಈಗ ಆ ಮೊಬೈಲು ಕೊಂಡ ಅಂಗಡಿಯಲ್ಲೇ ಲೆಕ್ಕ ಬರೆಯುತ್ತೇನೆ. ಯಾವ ಹೊಸ ಮೊಬೈಲು ಬಂದರೂ ಗಿರಾಕಿಗೆ ಐಬು ಮೊದಲು ಹೇಳುತ್ತೇನೆ. ಮಾಲೀಕರು ಗೊಣಗುತ್ತಾರೆ, ಆದರೆ ಕೆಲಸ ಬಿಡಿಸಿಲ್ಲ. ದೊಡ್ಡಪ್ಪ ನನಗೆ ಕೊಟ್ಟದ್ದರಲ್ಲಿ ಹೇಳಿಕೊಳ್ಳಬಹುದಾದದ್ದು ಇಷ್ಟು.

ಬರೆಯಲು ಕುಳಿತ ಕಾರಣ ಬೇರೆ ಇದೆ. ತೀರಿಕೊಳ್ಳುವ ಹಿಂದಿನ ದಿನ ಅವರು ನನ್ನ ತಮ್ಮನ ಕೈಯಿಂದ ತೆಗೆಸಿದ್ದ ಚಿತ್ರವೊಂದು ಮೊಬೈಲಿನಲ್ಲೇ ಉಳಿದಿತ್ತು. ಮಗಳಿಗೆ ತೋರಿಸಿದೆವು. ಹವಾ, ಕಾಲುನೋವು, ಆಕಳು ಈದದ್ದು ಎಲ್ಲ ಅವಳಿಗೆ ಅರ್ಥವಾಯಿತು. ಕೊನೆಯಲ್ಲಿ ಅವರು ಎಡಗೈಯ ನಡುವಿನ ಎರಡು ಬೆರಳು ಹಿಡಿದು, ಮಣಿಕಟ್ಟನ್ನು ಹೊರಕ್ಕೆ ತಿರುಗಿಸಿ, ಹೆಬ್ಬೆರಳಿನಿಂದ ಅಂಗೈಯ ನಡುವೆ ಎರಡು ಸಲ ಒತ್ತುತ್ತಾರೆ, ಒತ್ತಿ ನಗುತ್ತಾರೆ. ಅದು ಅವಳಿಗೆ ಗೊತ್ತಿಲ್ಲ, ದೊಡ್ಡವ್ವನಿಗೂ ಗೊತ್ತಿಲ್ಲ. ಮನೆಯ ಮಾತಲ್ಲ, ಸಂತೆಯ ಮಾತಿರಬೇಕು ಎಂದು ಅವಳು ಸನ್ನೆ ಮಾಡಿ ಹೇಳಿದಳು.

ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಯ ಸಂತೆಗಳಲ್ಲಿ ಟವೆಲ್ ಕೆಳಗೆ ಕೈ ಕೊಟ್ಟವರು, ದಲ್ಲಾಳಿಗಳು, ಅವರ ಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಹಿಡಿತಕ್ಕೆ ಏನರ್ಥ ಎಂದು ಈ ಪತ್ರಿಕೆಯ ವಿಳಾಸಕ್ಕೆ ಒಂದು ಅಂಚೆ ಕಾರ್ಡು ಬರೆಯಿರಿ. ಅದು ಬರೀ ದರದ ಮಾತಾಗಿದ್ದರೂ ಅಡ್ಡಿಯಿಲ್ಲ, ಹಾಗೆಯೇ ಬರೆಯಿರಿ. ಅವಳು ಕಾಯುತ್ತಿದ್ದಾಳೆ. ಹಿರೇಹಡಗಲಿಗೆ ನಾನು ಮುಟ್ಟಿಸುತ್ತೇನೆ.